ಧಾರವಾಡದಲ್ಲೇ ಇದ್ದು ವ್ಯಾಪಾರಿ ದಾವೆ, ಪತ್ರಿಕೆಗಳ ಕೇಸು ಎರಡನ್ನೂ ನಡೆಸಬಹುದಾ?

ಹುಬ್ಳಿ ಜೂನಿಯರ್:
ನಮಸ್ಕಾರ್ರಿ ಎಲ್ಲರಿಗೂ. ಸನ್ನದು ಆಗಿದೆ, ಎಐಬಿಇ (ವಕೀಲರ ಅರ್ಹತಾ ಪರೀಕ್ಷೆ) ಬಾಕಿ ಇದೆ. ಒಲವು ಎರಡರ ಕಡೆ: ವ್ಯಾಪಾರಿಗಳ ತಕರಾರು, ಮತ್ತು ಪತ್ರಕರ್ತರ ಮೇಲೆ ಬೀಳುವ ಮಾನನಷ್ಟ ಕೇಸು. ಇಲ್ಲೇ ಇದ್ದರೆ ನಡೆಯುತ್ತಾ, ಬೆಂಗಳೂರಿಗೇ ಹೋಗಬೇಕಾ? ಮೊದಲು ಏನು ಕಲೀಬೇಕು?

ಕೋರ್ಟ್ ಸರ್ಕಲ್:
ಬೆಂಗಳೂರು ಯಾಕ್ರಿ? ಹೈಕೋರ್ಟ್ ಪೀಠ 2008ರಿಂದ ಧಾರವಾಡದಾಗೇ ಐತಿ, 2013ಕ್ಕ ಕಾಯಂ ಆತು. ಆದ್ರ ಮನಿ ನಡಸೂದು ವ್ಯಾಪಾರದ ದಾವೆ. ಸಣ್ಣ ಪತ್ರಿಕೆಯವರ ಕಡೆಯಿಂದ ದೊಡ್ಡ ಫೀ ಬರಂಗಿಲ್ಲ, ಅದನ್ನ ಮೊದಲ ತಿಳ್ಕೊಂಡಿರ್ರಿ.

2015ರ ವಾಣಿಜ್ಯ ನ್ಯಾಯಾಲಯ ಕಾಯ್ದೆಯೊಳಗ ಬರಾಕ ದಾವೆಯ ಕನಿಷ್ಠ ಮೊತ್ತ ಮೊದಲು 1 ಕೋಟಿ ಇತ್ತು. 2018ರಾಗ 3 ಲಕ್ಷಕ್ಕ ಇಳಿಸಿದ್ರು. ಹಂಗಾಗಿ ಅಮರಗೋಳ ಎಪಿಎಂಸಿ ಬಾಕಿ, ಬ್ಯಾಡಗಿ ಮೆಣಸಿನಕಾಯಿ ಬಾಕಿ ಎಲ್ಲಾ ಈಗ ಇದರಾಗ ಬರ್ತಾವ. ಗೆಳ್ಯಾರ ನಡುವಿನ ಕೈಸಾಲ ಬರಂಗಿಲ್ಲ.

ಎಡವೂದು ಮೂರು ಕಡೆ. ತುರ್ತು ಮಧ್ಯಂತರ ಆದೇಶ ಬೇಕಿಲ್ಲಂದ್ರ ಅದೇ ಕಾಯ್ದೆಯ ಕಲಂ 12ಎ ಪ್ರಕಾರ ಮೊದಲ ಮಧ್ಯಸ್ಥಿಕೆ ಆಗಲೇಬೇಕು: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ನಮೂನೆ 1, ಶುಲ್ಕ 1,000 ರೂಪಾಯಿ. ಎದುರಿನವ್ರು ಬರದಿದ್ರ ನಮೂನೆ 3ರ ವರದಿ ಸಿಗತೈತಿ, ಅದನ್ನ ದಾವೆಗೆ ಲಗತ್ತಿಸ್ರಿ. ಮಧ್ಯಸ್ಥಿಕೆ ಬಿಟ್ರ ದಾವೆ ತಿರಸ್ಕಾರ ಆಗತೈತಿ. 2022ರ ಪಾಟೀಲ್ ಆಟೊಮೇಷನ್ ತೀರ್ಪು ಓದ್ರಿ.

ಎರಡನೇದು ಕೈಫಿಯತ್ತು, ಅಂದ್ರ ಪ್ರತಿವಾದಿ ಕೊಡೋ ಲಿಖಿತ ಉತ್ತರ. ಸಮನ್ಸ್ ಮುಟ್ಟಿದ 30 ದಿನ, ಕಾರಣ ಕೊಟ್ರ 120ರ ತನಕ. 121ನೇ ದಿನ ಯಾವ ಸೀನಿಯರ್ ಬಂದ್ರೂ ಉಳಸಂಗಿಲ್ಲ.

ಮೂರನೇದು ಕಾಲಮಿತಿ. ಖಾತೆ ಚಾಲ್ತಿ ಇದ್ದ ಮಾತ್ರಕ್ಕ ಅದು ಪರಸ್ಪರ ವ್ಯವಹಾರದ ಖಾತೆ ಆಗೂದಿಲ್ಲ. ಒಬ್ಬ ಮಾಲು ಕೊಟ್ಟು ಇನ್ನೊಬ್ಬ ರೊಕ್ಕ ಕಟ್ಟತಿದ್ರ, ಉದ್ರಿಗೆ ಗಡುವು ಹಾಕಿರದಿದ್ರ, ಮಾಲು ಕೊಟ್ಟ ದಿನದಿಂದ 3 ವರ್ಷ. ಬರೇ ಕಿರ್ದಿ, ಖಾತೆ ಪುಸ್ತಕ ತೋರಿಸಿದ್ರ ಹೊಣೆ ಸಾಬೀತಾಗಂಗಿಲ್ಲ. ಬಿಲ್ಲು, ಲಾರಿ ರಸೀದಿ, ತೂಕದ ಚೀಟಿ ಕೂಡಿಸ್ರಿ.

ಕಟಕಟೆ:
ಪತ್ರಿಕೆ ಕಡೆಯ ಮಾತು ಸೇರಿಸುತ್ತೇನೆ. ಇಲ್ಲಿ ನಿಜವಾದ ಕದನ ತಡೆಯಾಜ್ಞೆಯದು. ವಿಚಾರಣೆ ಮುಗಿಯುವಷ್ಟರಲ್ಲಿ ಸುದ್ದಿ ಹಳಸಿರುತ್ತದೆ. ಎದುರು ಪಕ್ಷದ ಮಾತು ಕೇಳದೇ ಆಜ್ಞೆ ಕೊಟ್ಟಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39, ನಿಯಮ 3 ತೆರೆಯಿರಿ. ಕಾರಣ ದಾಖಲಾಗಿದೆಯೇ, ದಾವೆ ಮತ್ತು ದಾಖಲೆಗಳ ಪ್ರತಿ ಕಳಿಸಿ ಆ ದಿನ ಅಥವಾ ಮರುದಿನ ಪ್ರಮಾಣಪತ್ರ ಹಾಕಿದ್ದಾರೆಯೇ ನೋಡಿ, ನಿಯಮ 4ರಡಿ ತೆರವಿಗೆ ಅರ್ಜಿ ಹಾಕಿ. ಬ್ಲೂಮ್‌ಬರ್ಗ್ ಪ್ರಕರಣದಲ್ಲಿ (2024) ಸುಪ್ರೀಂ ಕೋರ್ಟ್, ವಿಚಾರಣೆಗೆ ಮುಂಚೆ ಲೇಖನ ತಡೆಯುವುದು ತೀರಾ ಅಪರೂಪಕ್ಕೆ ಮಾತ್ರ ಎಂದಿದೆ. ಆದರೆ "ಆರೋಪ ಸುಳ್ಳು" ಎಂಬ ಒಂದೇ ಸಾಲಿನ ತಕರಾರಿಗೆ ಆ ತೀರ್ಪು ಕೈಹಿಡಿಯುವುದಿಲ್ಲ. ಬರೆದದ್ದು ಸತ್ಯ, ವಿಚಾರಣೆಯಲ್ಲಿ ಸಾಬೀತು ಮಾಡುತ್ತೇವೆ ಎಂದು ಹೇಳಿ ಆಧಾರಗಳನ್ನು ಲಗತ್ತಿಸಬೇಕು.

ದಾವೆ ಬರುವ ಸುಳಿವಿದ್ದರೆ ಅದೇ ಸಂಹಿತೆಯ ಕಲಂ 148ಎ ಕೇವಿಯಟ್ (ನಮಗೆ ತಿಳಿಸದೆ ಆಜ್ಞೆ ಕೊಡಬೇಡಿ ಎಂಬ ಮುಂಗಡ ಅರ್ಜಿ) ಹಾಕಿ, 90 ದಿನ ಬಾಳಿಕೆ. ಪತ್ರಿಕೆ ಹಂಚಿಕೆಯಾಗುವ ಊರಲ್ಲೂ ದಾವೆ ಹೂಡಬಹುದು. ಹುಬ್ಬಳ್ಳಿಯಲ್ಲಷ್ಟೇ ಹಾಕಿ ಕೂತರೆ ಗದಗದಲ್ಲಿ ಆಜ್ಞೆ ಆಗಿರುತ್ತದೆ.

ಗಾಂಧಿಚೌಕ:
ಕ್ರಿಮಿನಲ್ ಮಾನನಷ್ಟ ಬೇರೆ ಲೆಕ್ಕ. ಸಿವಿಲ್‌ನಲ್ಲಿ ಸತ್ಯವೇ ಪೂರ್ತಿ ರಕ್ಷಣೆ. ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 356ರಲ್ಲಿ ಸತ್ಯದ ಜೊತೆ ಸಾರ್ವಜನಿಕ ಹಿತವನ್ನೂ ತೋರಿಸಬೇಕು. 1 ಜುಲೈ 2024ರಿಂದ ಇನ್ನೊಂದು ಅನುಕೂಲವಿದೆ: ಖಾಸಗಿ ದೂರಿನಲ್ಲಿ ಸಂಜ್ಞಾನಕ್ಕೆ (ಕೋರ್ಟು ದೂರನ್ನು ವಿಚಾರಣೆಗೆ ಎತ್ತಿಕೊಳ್ಳುವುದಕ್ಕೆ) ಮೊದಲೇ ಆರೋಪಿಯ ಮಾತು ಕೇಳಬೇಕು, ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 223. ಆ ನೋಟಿಸನ್ನು ಸಂಪಾದಕರು ಮಾಮೂಲಿ ಲೀಗಲ್ ನೋಟಿಸೆಂದು ಫೈಲಿಗೆ ಸೇರಿಸಿಬಿಡುತ್ತಾರೆ. ಅಲ್ಲಿಗೆ ಒಳ್ಳೆಯ ಅವಕಾಶ ಹೋಯಿತು.

ಹುಬ್ಳಿ ಜೂನಿಯರ್:
ಭಾಳ ಉಪಕಾರ ಆತ್ರಿ. ಕಂಪನಿಯೇ ಪತ್ರಿಕೆ ಮೇಲೆ ಮಾನನಷ್ಟಕ್ಕೆ 10 ಲಕ್ಷ ಕೇಳಿದರೆ ಅದೂ ವಾಣಿಜ್ಯ ಕೋರ್ಟಿಗಾ?

ಕೋರ್ಟ್ ಸರ್ಕಲ್:
ಇಲ್ಲರಿ. ಕಂಪನಿ ಇದ್ದ ಮಾತ್ರಕ್ಕ ವಾಣಿಜ್ಯ ವ್ಯಾಜ್ಯ ಆಗೂದಿಲ್ಲ, ವಾಣಿಜ್ಯ ನ್ಯಾಯಾಲಯ ಕಾಯ್ದೆಯ 2(1)(ಸಿ) ಪಟ್ಟಿಯಾಗ ಮಾನನಷ್ಟ ಇಲ್ಲ. ಸಾದಾ ಸಿವಿಲ್ ಕೋರ್ಟು, 12ಎ ಬೇಕಿಲ್ಲ, ಕೈಫಿಯತ್ತಿಗೆ 30 ದಿನ, ಕಾರಣ ಕೊಟ್ರ 90ರ ತನಕ, ಅದೂ ಅಷ್ಟು ಬಿಗಿ ಅಲ್ಲ. ಆದ್ರ ದಾವೆ ಹೂಡಾಕ ಪ್ರಕಟಣೆಯಿಂದ 1 ವರ್ಷನ ಗಡುವು. ಮೊದಲ ಸಂಚಿಕೆ ತಾರೀಖು ನೋಡ್ರಿ, ಕೈಫಿಯತ್ತು ಆಮ್ಯಾಲ ಬರೀರಿ.