ಒಂದೇ ಬಾಣಲೆಯಲ್ಲಿ ಸಾಸೇಜ್, ಆಲೂಗೆಡ್ಡೆ: ಗೆಡ್ಡೆ ಬೇಯೋಷ್ಟರಲ್ಲಿ ಸಾಸೇಜ್ ಸೀದು ಹೋಗುತ್ತೆ

ಸಂತೇಪೇಟೆ (ಪ್ರಶ್ನೆ)

ಹಾಸನದಲ್ಲಿದ್ದೇವೆ, ಊಟಕ್ಕೆ ಮೂರು ಜನ. ಕೆಲಸದ ದಿನ ರಾತ್ರಿ ಅರ್ಧ ಗಂಟೆಯಲ್ಲಿ ಮುಗಿಯೋ ಅಡುಗೆ ಬೇಕು. 250 ಗ್ರಾಂ ಫ್ರೋಜನ್ ಚಿಕನ್ ಸಾಸೇಜ್, ಅರ್ಧ ಕೆಜಿ ಆಲೂಗೆಡ್ಡೆ, ಎರಡು ಈರುಳ್ಳಿ, ಒಂದು ದಪ್ಪ ಮೆಣಸಿನಕಾಯಿ, ಒಂದು ಟೊಮೆಟೊ. ಎಲ್ಲಾ ಒಟ್ಟಿಗೆ ಹಾಕಿ ಹುರಿದರೆ ಸಾಸೇಜ್ ಹೊರಗೆ ಕಪ್ಪಾಗಿ ಒಳಗೆ ರಬ್ಬರ್ ಥರ ಆಗುತ್ತೆ, ಗೆಡ್ಡೆ ಮಾತ್ರ ನಡುವೆ ಕಟುಕಟು ಅನ್ನುತ್ತೆ. ಕೆಲವು ಸಲ ಗೆಡ್ಡೆ ತಳ ಹಿಡಿದು ಕಿತ್ತು ಬರುತ್ತೆ. 24 ಸೆಂ.ಮೀ. ನಾನ್‌ಸ್ಟಿಕ್ ಬಾಣಲೆ, ಗ್ಯಾಸ್ ಒಲೆ. ಓವನ್ ಇಲ್ಲ. ಗೆಡ್ಡೆ ಬೇರೆ ಬೇಯಿಸಿಕೊಳ್ಳದೆ, ಇನ್ನೊಂದು ಪಾತ್ರೆ ತೊಳೆಯೋ ಕೆಲಸ ಇಲ್ಲದೆ ಸರಿಯಾಗಿ ಮಾಡೋದು ಹೇಗೆ?

ಗಿರಿತಪ್ಪಲು, ಚಿಕ್ಕಮಗಳೂರು

ಎರಡನ್ನೂ ಒಟ್ಟಿಗೆ ಹಾಕೋದೇ ತಪ್ಪಾಗಿರೋದು. ಅಂಗಡಿ ಫ್ರೀಜರ್‌ನಲ್ಲಿ ಸಿಗೋ ಚಿಕನ್ ಸಾಸೇಜ್ ಬಹುಪಾಲು ಕಾರ್ಖಾನೆಯಲ್ಲೇ ಬೆಂದು ಬಂದಿರುತ್ತೆ. ಪ್ಯಾಕೆಟ್ ಹಿಂದೆ ಬರೆದಿರುತ್ತಾರೆ, ಒಮ್ಮೆ ಓದಿ ನೋಡಿ. ಅದಕ್ಕೆ ಒಳಗೆಲ್ಲ ಬಿಸಿ ತಾಗಿ ಹೊರಗೆ ಬಣ್ಣ ಬಂದರೆ ಸಾಕು, ಆರು ನಿಮಿಷದ ಕೆಲಸ. ಹಸಿ ಗೆಡ್ಡೆಗೆ ಹದಿನೆಂಟರಿಂದ ಇಪ್ಪತ್ತು ನಿಮಿಷ ಬೇಕೇ ಬೇಕು. ಹಾಗಾಗಿ ಗೆಡ್ಡೆ ಮುಕ್ಕಾಲು ಭಾಗ ಆದಮೇಲೆ ಸಾಸೇಜ್.

ಮೊದಲು ಬಾಣಲೆ. 24 ಸೆಂ.ಮೀ. ಅನ್ನೋದು ಬಾಯಿಯ ಅಳತೆ, ತಳ 18 ಸೆಂ.ಮೀ. ಸಿಕ್ಕರೆ ಹೆಚ್ಚು. ಅರ್ಧ ಕೆಜಿ ಗೆಡ್ಡೆ ಹೆಚ್ಚಿ ಹರಡಿದರೆ ಅಷ್ಟು ಜಾಗವೂ ಭರ್ತಿ. ಸಾಸೇಜ್, ಈರುಳ್ಳಿ ಬಿದ್ದಕೂಡಲೇ ಹೋಳು ಒಂದರ ಮೇಲೊಂದು ಕೂರುತ್ತೆ, ಕೆಳಗಿನ ಹಬೆ ಮೇಲಿನದನ್ನ ಮೆತ್ತಗೆ ಮಾಡುತ್ತೆ, ಯಾವುದೂ ಹುರಿಯಲ್ಲ. 28 ಸೆಂ.ಮೀ.ದು, ಚಪ್ಪಟೆ ತಳದ್ದು, ಮುಚ್ಚಳ ಇರೋದು ತಗೊಳ್ಳಿ. ಅಲ್ಲೀತನಕ ಈಗಿರೋದರಲ್ಲಿ 350 ಗ್ರಾಂ ಗೆಡ್ಡೆ ಮೀರಬೇಡಿ.

ಗೆಡ್ಡೆಯನ್ನ 2 ಸೆಂ.ಮೀ. ಚೌಕಕ್ಕೆ ಹೆಚ್ಚಿ, ಅಂದರೆ ಹೆಚ್ಚುಕಡಿಮೆ ಹೆಬ್ಬೆರಳಿನ ಅಗಲದಷ್ಟು. 3 ಸೆಂ.ಮೀ. ಆದರೆ ಸಮಯ ಹೆಚ್ಚುಕಡಿಮೆ ಎರಡರಷ್ಟು ಹಿಡಿಯುತ್ತೆ. ಎಲ್ಲಾ ಒಂದೇ ಗಾತ್ರ ಇರಲಿ. ಎರಡು ನೀರಿನಲ್ಲಿ ತೊಳೆಯಿರಿ. ಮೊದಲ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿರುತ್ತೆ. ಅದು ಗೆಡ್ಡೆಯ ಗಂಜಿ, ತಳಕ್ಕೆ ಅಂಟಿಸೋ ಗೋಂದು ಅದೇ. ನೀರು ಬಸಿದು ಬಟ್ಟೆಯಲ್ಲಿ ಒತ್ತಿ ಒರೆಸಿ, ಒದ್ದೆ ಇದ್ದರೆ ಎಣ್ಣೆ ಸಿಡಿಯುತ್ತೆ.

ಬಾಣಲೆ ಮಧ್ಯಮ ಉರಿಯಲ್ಲಿಟ್ಟು 2 ದೊಡ್ಡ ಚಮಚ ಎಣ್ಣೆ ಬಿಡಿ. ಎಣ್ಣೆ ಕಾದಮೇಲೆ ಗೆಡ್ಡೆ ಒಂದೇ ಪದರಕ್ಕೆ ಹರಡಿ, ಅರ್ಧ ಚಿಕ್ಕ ಚಮಚ ಉಪ್ಪು. ಸಾಸೇಜ್‌ನಲ್ಲಿ ಆಗಲೇ ಸಾಕಷ್ಟು ಉಪ್ಪಿದೆ, ಇದಕ್ಕಿಂತ ಹೆಚ್ಚು ಈಗ ಬೇಡ. ಎರಡು ನಿಮಿಷ ಬಿಟ್ಟು ಕಾಲು ಕಪ್ ನೀರು ಅಂಚಿನಿಂದ ಬಿಟ್ಟು ಮುಚ್ಚಿ. ಎಂಟರಿಂದ ಹತ್ತು ನಿಮಿಷ. ಮುಚ್ಚಳದ ಕೆಳಗೆ ಕುದಿಯೋ ಬುಳುಬುಳು ಸದ್ದು ಹೋಗಿ ಚರಚರ ಅನ್ನೋಕೆ ಶುರುವಾಯಿತು ಅಂದರೆ ನೀರು ಇಂಗಿದೆ, ಎಣ್ಣೆ ಮಾತ್ರ ಉಳಿದಿದೆ. ಆಗ ಮುಚ್ಚಳ ತೆಗೀರಿ. ಚಾಕುವಿನ ತುದಿ ಚುಚ್ಚಿದರೆ ಹೊರಗೆ ಸುಲಭವಾಗಿ ಹೋಗಿ ನಡುವಲ್ಲಿ ಒಂಚೂರು ತಡೆಯಬೇಕು, ಅದು ಹದ.

ಇನ್ನು ಮುಂದೆ ಮುಚ್ಚಳ ಬೇಡ. ನಾಲ್ಕು ನಿಮಿಷ ಸಟ್ಟುಗ ಹಾಕಲೇಬೇಡಿ. ಗೆಡ್ಡೆ ಕಿತ್ತು ಬರೋದು ಬೇಗ ಕೆದಕಿದಾಗ. ಕೆಳಗೆ ಕೆಂಪಗೆ ಪದರ ಕಟ್ಟಿದಮೇಲೆ ತಾನಾಗೇ ಬಿಡುತ್ತೆ. ಒಂದು ಹೋಳು ಅಲ್ಲಾಡಿಸಿ ನೋಡಿ, ಬಿಡದಿದ್ದರೆ ಇನ್ನೊಂದು ನಿಮಿಷ ಕಾಯಿರಿ. ಒಮ್ಮೆ ಮಗುಚಿ, ಗೆಡ್ಡೆಯನ್ನ ಅಂಚಿಗೆ ಸರಿಸಿ, ನಡುವೆ ಓರೆಯಾಗಿ ಒಂದೂವರೆ ಸೆಂ.ಮೀ. ದಪ್ಪ ಹೆಚ್ಚಿದ ಸಾಸೇಜ್ ಹಾಕಿ. ಪ್ರತಿ ಬದಿ ಎರಡು ನಿಮಿಷ. ಆಮೇಲೆ ಈರುಳ್ಳಿ, ದಪ್ಪ ಮೆಣಸಿನಕಾಯಿ, ಜಜ್ಜಿದ ಆರು ಎಸಳು ಬೆಳ್ಳುಳ್ಳಿ, ಒಂದು ಎಳೆ ಕರಿಬೇವು, ಇನ್ನು ಮೂರು ನಿಮಿಷ. ಒಲೆ ಆರಿಸಿದ ಮೇಲೆ ಒಂದು ಚಿಕ್ಕ ಚಮಚ ಕುಟ್ಟಿದ ಕಾಳುಮೆಣಸು, ಅರ್ಧ ನಿಂಬೆಹಣ್ಣು. ಒಟ್ಟು 26–28 ನಿಮಿಷ.

ಟೊಮೆಟೊ ಬಿಟ್ಟುಬಿಡಿ. ಹುಳಿ ಬಿದ್ದರೆ ಗೆಡ್ಡೆ ಬೇಗ ಮೆತ್ತಗಾಗಲ್ಲ, ನೀವು ಹೇಳೋ ಕಟುಕಟುಗೆ ಅದೂ ಒಂದು ಕಾರಣ. ನಿಂಬೆಹಣ್ಣು ಕೊನೆಗೆ ಹಿಂಡೋದೂ ಇದಕ್ಕೇ.

ಬೆಳೆಗಾರ, ಹಾಸನ ತಾಲ್ಲೂಕು

ಮೇಲಿನವರು ಹೇಳಿದ್ದು ಸರಿಯೇ, ಆದರೆ ಕಾಲು ಕಪ್ ನೀರು ಎಲ್ಲಾ ಕಾಲಕ್ಕೂ ಹೊಂದಲ್ಲ. ಗೆಡ್ಡೆ ಎಲ್ಲಿಂದ ಬಂತು, ಯಾವ ತಿಂಗಳದ್ದು ಅನ್ನೋದರ ಮೇಲೆ ಇದೆ.

ನಮ್ಮ ಕಡೆ ಮುಂಗಾರಿಗೆ ನೆಟ್ಟು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕೀಳೋ ಗೆಡ್ಡೆ ಹೊಸದರಲ್ಲಿ ಹೆಬ್ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಏಳುತ್ತೆ. ಒಳಗೆ ನೀರಿನಂಶ ಜಾಸ್ತಿ. ಅದಕ್ಕೆ ಎರಡು ದೊಡ್ಡ ಚಮಚ ನೀರು ಸಾಕು, ಮುಚ್ಚಿದರೆ ತನ್ನ ನೀರಲ್ಲೇ ಬೇಯುತ್ತೆ. ಸಿಪ್ಪೆ ತೆಗೆಯೋದೂ ಬೇಡ, ತೊಳೆದರೆ ಸಾಕು. ಕಾಲು ಕಪ್ ಹಾಕಿದರೆ ನೀರು ಇಂಗೋಷ್ಟರಲ್ಲಿ ಹೋಳಿನ ಮೂಲೆ ಕರಗಿರುತ್ತೆ.

ಉಳಿದ ಕಾಲದಲ್ಲಿ ಪೇಟೆಗೆ ಬರೋದರಲ್ಲಿ ಉತ್ತರ ಭಾರತದ ಶೀತಲಗೃಹದ (ಕೋಲ್ಡ್ ಸ್ಟೋರೇಜ್) ಗೆಡ್ಡೆಯೂ ಇರುತ್ತೆ. ತೀರಾ ತಣ್ಣಗಿಟ್ಟ ಗೆಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗುತ್ತೆ. ಹುರಿದಾಗ ಒಳಗೆ ಬೇಯೋ ಮೊದಲೇ ಹೊರಗೆ ಕಂದು ಬಣ್ಣ ಬರುತ್ತೆ, ರುಚಿಯೂ ಸ್ವಲ್ಪ ಸಿಹಿ. ನಿಮ್ಮ ಗೆಡ್ಡೆ ಬೇಗ ಕಪ್ಪಾಗಿ ಒಳಗೆ ಹಸಿ ಉಳಿದರೆ ಉರಿಯನ್ನ ಮಾತ್ರ ದೂರಬೇಡಿ, ಇದನ್ನೂ ನೋಡಿ. ತಂದಮೇಲೆ ಬೆಳಕು ಬೀಳದ ಕಡೆ, ಗೋಣಿತಾಟಿನ ಮೇಲೆ, ಎರಡು ವಾರ ಹೊರಗೇ ಇಟ್ಟರೆ ಆ ಸಕ್ಕರೆ ಎಷ್ಟೋ ಇಳಿಯುತ್ತೆ. ಹಸಿ ಗೆಡ್ಡೆಯನ್ನ ಫ್ರಿಜ್ಜಿನಲ್ಲಿಟ್ಟರೆ ಮನೆಯಲ್ಲೇ ಶೀತಲಗೃಹ ಮಾಡಿದಂತಾಯ್ತು.

ತಳಿ ಕೇಳಿದರೆ, ಇಲ್ಲಿ ಬಹಳ ವರ್ಷದಿಂದ ಬೆಳೆಯೋದು ಕುಫ್ರಿ ಜ್ಯೋತಿ. ಹೋಳು ಒಡೆಯದೆ ನಿಲ್ಲುತ್ತೆ, ಈ ಅಡುಗೆಗೆ ಚೆನ್ನಾಗಿ ಒಗ್ಗುತ್ತೆ. ಚಿಪ್ಸೋನಾ ಸಿಕ್ಕರೆ ಇನ್ನೂ ಗರಿ, ಚಿಪ್ಸ್‌ಗೆಂದೇ ಮಾಡಿದ ತಳಿ, ಒಣ ಅಂಶ ಹೆಚ್ಚು. ಹೆಸರು ಗೊತ್ತಿಲ್ಲದ ಗೆಡ್ಡೆಯಾದರೆ 11 ಕಪ್ ನೀರಿಗೆ 1 ಕಪ್ ಉಪ್ಪು ಕರಗಿಸಿ ಒಂದು ಗೆಡ್ಡೆ ಬಿಡಿ. ಮುಳುಗಿದರೆ ಹಿಟ್ಟು ಜಾಸ್ತಿ, ಹುರಿದರೆ ಗರಿಯಾಗುತ್ತೆ, ಬೆಂದಾಗ ಬೇಗ ಪುಡಿಯಾಗುತ್ತೆ. ತೇಲಿದರೆ ಹೋಳು ಗಟ್ಟಿ ನಿಲ್ಲೋ ಜಾತಿ.

ಒಂದು ಮಾತು ಮರೆಯದೆ ಕೇಳಿ. ಏಪ್ರಿಲ್‌ನಿಂದ ಜೂನ್‌ವರೆಗೆ ಹಾಸನದಲ್ಲಿ ಪಂಜಾಬಿನ ಜಲಂಧರ್ ಕಡೆಯ ಬಿತ್ತನೆ ಗೆಡ್ಡೆ ಮಾರಾಟ ಇರುತ್ತೆ. ನೆಟ್ಟು ಉಳಿದದ್ದು ಅಂತ ಯಾರಾದರೂ ಕಡಿಮೆ ಬೆಲೆಗೆ ಕೊಟ್ಟರೆ ಅಡುಗೆಗೆ ತರಬೇಡಿ. ಕೊಳೆರೋಗ ಬಾರದಿರಲಿ ಅಂತ ನೆಡೋ ಮುಂಚೆ ಶಿಲೀಂಧ್ರನಾಶಕದಲ್ಲಿ ಅದ್ದಿರುತ್ತಾರೆ, ತೊಳೆದರೆ ಹೋಯಿತು ಅನ್ನೋ ಹಾಗಿಲ್ಲ. ಹಸಿರುಗಟ್ಟಿದ ಗೆಡ್ಡೆಯೂ ಬೇಡ, ಅದರ ಕಹಿ ವಿಷ ಕುದಿಸಿದರೂ ಹೋಗಲ್ಲ.

ಕಾಳುಮೆಣಸು, ಮೂಡಿಗೆರೆ

ಇಲ್ಲೀವರೆಗೆ ಬಂದದ್ದೆಲ್ಲ ಬೆಂದ ಸಾಸೇಜ್ ಲೆಕ್ಕ. ಹಸಿ ಹಂದಿಮಾಂಸದ ಸಾಸೇಜ್ ತಂದರೆ ಇದೇ ಕ್ರಮ ಹಿಡಿಯಬೇಡಿ, ತಿರುಗುಮುರುಗು ಮಾಡಿ. ಹಸಿಯದು ಮುಟ್ಟಿದರೆ ಮೆತ್ತಗೆ, ಮಡಚಿದರೆ ಕುಗ್ಗುತ್ತೆ. ಬೆಂದದ್ದು ಪುಟಿಯುತ್ತೆ.

ತಣ್ಣನೆ ಬಾಣಲೆಗೆ ಇಡೀ ಸಾಸೇಜ್ ಜೋಡಿಸಿ, ಮೂರು ದೊಡ್ಡ ಚಮಚ ನೀರು, ಸಣ್ಣ ಉರಿ, ಮುಚ್ಚಳ. ಎಂಟು ನಿಮಿಷಕ್ಕೆ ನೀರು ಹೋಗಿ ಕೊಬ್ಬು ಕರಗಿ ಬಂದಿರುತ್ತೆ. ಮುಚ್ಚಳ ತೆಗೆದು ಐದು ನಿಮಿಷ ಹೊರಳಿಸುತ್ತಾ ಬಣ್ಣ ಬರಿಸಿ, ತಟ್ಟೆಗೆ ತೆಗೆದಿಡಿ. ಆ ಕೊಬ್ಬಿನಲ್ಲೇ ಗೆಡ್ಡೆ, ಬೇರೆ ಎಣ್ಣೆ ಒಂದು ಚಿಕ್ಕ ಚಮಚ ಸಾಕು. ಗೆಡ್ಡೆ ಆದಮೇಲೆ ಸಾಸೇಜ್ ತುಂಡು ಮಾಡಿ ಹಾಕಿ ಮತ್ತೆ ಐದು ನಿಮಿಷ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತೆ, ಆದರೆ ಗೆಡ್ಡೆಗೆ ಬರೋ ರುಚಿಯೇ ಬೇರೆ.

ಫೋರ್ಕಿನಿಂದ ಚುಚ್ಚಬೇಡಿ. ಚುಚ್ಚಿದರೆ ರಸ ಸೋರಿ ಒಣಗುತ್ತೆ, ಚುಚ್ಚದಿದ್ದರೆ ಒಡೆಯುತ್ತೆ ಅನ್ನೋದು ಜೋರು ಉರಿ ಇಟ್ಟಾಗ ಮಾತ್ರ. ಒಳಗೆ 71 ಡಿಗ್ರಿ ಸೆಲ್ಸಿಯಸ್ ಆಗಲೇಬೇಕು, ಹಸಿ ಕೋಳಿ ಸಾಸೇಜ್ ಆದರೆ 74. ಹಂದಿಮಾಂಸ ಅರೆಬೆಂದರೆ ಲಾಡಿಹುಳುವಿನ ಅಪಾಯ. ಬಣ್ಣ ನೋಡಿ ತೀರ್ಮಾನಿಸಬೇಡಿ, ನೈಟ್ರೈಟ್ (ಮಾಂಸ ಕೆಡದಂತೆ ಬೆರೆಸೋ ಲವಣ) ಹಾಕಿದ ಸಾಸೇಜ್ ಪೂರ್ತಿ ಬೆಂದರೂ ಗುಲಾಬಿಯಾಗೇ ಇರುತ್ತೆ. ಸೂಜಿ ಥರ್ಮಾಮೀಟರ್ ತುದಿಯಿಂದ ಉದ್ದಕ್ಕೆ ತೂರಿಸಿ ನಡುವಿನ ಬಿಸಿ ನೋಡಿ.

ಖಾರದಪುಡಿ ಹಾಕೋರು ಈರುಳ್ಳಿ ಬಾಡಿದ ಮೇಲೆ, ಉರಿ ಸಣ್ಣ ಮಾಡಿ ಹಾಕಿ. ಬಿಸಿ ಎಣ್ಣೆಗೆ ನೇರ ಬಿದ್ದರೆ ಅರ್ಧ ನಿಮಿಷಕ್ಕೆ ಸೀದು ಕಹಿಯಾಗುತ್ತೆ, ಮನೆ ತುಂಬಾ ಕೆಮ್ಮು.

ಸಂತೇಪೇಟೆ

ಎಲ್ಲರಿಗೂ ಧನ್ಯವಾದ. ಇನ್ನೆರಡು ಕೇಳಬೇಕಿತ್ತು. ಬೆಳಿಗ್ಗೆಯೇ ಗೆಡ್ಡೆ ಹೆಚ್ಚಿಟ್ಟರೆ ನಡೆಯುತ್ತಾ? ಸಾಸೇಜ್ ಕಲ್ಲಿನಂತೆ ಇರುತ್ತೆ, ಹಾಗೇ ಹಾಕಬಹುದಾ? ಅದರ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಥರದ್ದು ಕಾಣುತ್ತೆ, ಅದೇನು?

ಗಿರಿತಪ್ಪಲು, ಚಿಕ್ಕಮಗಳೂರು

ಹೆಚ್ಚಿಡಬಹುದು, ಪೂರ್ತಿ ನೀರಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿ. ಬರೀ ಹೆಚ್ಚಿಟ್ಟರೆ ಕಪ್ಪಾಗುತ್ತೆ. ನೆನೆದ ಗೆಡ್ಡೆಯ ಮೇಲ್ಗಂಜಿ, ಸಕ್ಕರೆ ಎರಡೂ ಸ್ವಲ್ಪ ಹೋಗೋದರಿಂದ ಹದವೂ ಚೆನ್ನಾಗಿ ಬರುತ್ತೆ. ಸಂಜೆ ಒರೆಸೋದು ಮಾತ್ರ ಬಿಡಬೇಡಿ.

ಹಿಂದಿನ ದಿನ ಪಲ್ಯಕ್ಕೆ ಬೇಯಿಸುವಾಗ ನಾಲ್ಕು ಗೆಡ್ಡೆ ಜಾಸ್ತಿ ಹಾಕಿಕೊಂಡರೆ ಇನ್ನೂ ಸುಲಭ. ಸಿಪ್ಪೆ ಸಮೇತ ಬೇಯಿಸಿ, ಆರಿದಮೇಲೆ ಫ್ರಿಜ್ಜಿನಲ್ಲಿಡಿ. ತಣ್ಣಗಾದ ಬೆಂದ ಗೆಡ್ಡೆ ಗಟ್ಟಿ ಕೂರುತ್ತೆ, ಹೆಚ್ಚಿದರೆ ಅಂಚು ಮುರಿಯಲ್ಲ, ನೀರು, ಮುಚ್ಚಳ ಯಾವುದೂ ಇಲ್ಲದೆ ಎಂಟು ನಿಮಿಷಕ್ಕೆ ಗರಿಯಾಗುತ್ತೆ. ಬರೀ ಪಾತ್ರೆಯಲ್ಲಿ ಬೇಯಿಸೋದಾದರೆ ಪುಸ್ತಕದಲ್ಲಿ ಬರೆದಿರೋದಕ್ಕಿಂತ ಎರಡು ಮೂರು ನಿಮಿಷ ಹೆಚ್ಚು ಬಿಡಿ. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಮೇಲಿವೆ, ಇಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತೆ. ಕುಕ್ಕರ್‌ಗೆ ಆ ಲೆಕ್ಕ ಬೇಡ.

ಕಲ್ಲಿನಂತಿರೋ ಸಾಸೇಜ್ ಹಾಗೇ ಹಾಕಬೇಡಿ. ಹೊರಗೆ ಕಪ್ಪು, ಒಳಗೆ ತಣ್ಣಗೆ, ಅದು ಬಿಡೋ ನೀರಿನಲ್ಲಿ ಗೆಡ್ಡೆಯ ಗರಿಯೂ ಹೋಯ್ತು. ಬೆಳಿಗ್ಗೆ ಫ್ರೀಜರ್‌ನಿಂದ ಫ್ರಿಜ್ಜಿನ ಕೆಳಗಿನ ಹಲಗೆಗೆ ಇಳಿಸಿ. ಮರೆತರೆ ಪ್ಯಾಕೆಟ್ ಒಡೆಯದೆ ತಣ್ಣೀರಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಬಿಸಿನೀರು ಬೇಡ.

ಆ ತೆಳ್ಳಗಿನದು ಕೆಲವು ಸಾಸೇಜ್‌ಗೆ ಸುತ್ತಿರೋ ಹೊದಿಕೆ, ತಿನ್ನೋದಲ್ಲ. ತುದಿಯಲ್ಲಿ ಸುಕ್ಕುಗಟ್ಟಿ ಗಾಜಿನಂತೆ ಹೊಳೆಯುತ್ತೆ, ಉಗುರಲ್ಲಿ ಎತ್ತಿದರೆ ಕಾಗದದ ಥರ ಉದ್ದಕ್ಕೆ ಸುಲಿದು ಬರುತ್ತೆ. ಎತ್ತೋಕೆ ಬರದೆ ಮಾಂಸಕ್ಕೇ ಅಂಟಿದ್ದರೆ ತಿನ್ನೋ ಚರ್ಮ, ಬಿಡಿ.

ಕಾಳುಮೆಣಸು, ಮೂಡಿಗೆರೆ

ಮಳೆಗಾಲಕ್ಕೆ ಒಂದು ಸೇರಿಸುತ್ತೇನೆ. ಮಲೆನಾಡಲ್ಲಿ ಕರೆಂಟ್ ಹೋದರೆ ಬಾಗಿಲು ತೆಗೆಯದ ಫ್ರಿಜ್ಜು ನಾಲ್ಕು ಗಂಟೆ ತಡೆಯುತ್ತೆ, ಅರ್ಧ ತುಂಬಿದ ಫ್ರೀಜರ್ ಒಂದು ದಿನ, ಪೂರ್ತಿ ತುಂಬಿದ್ದು ಎರಡು ದಿನ. ಸಾಸೇಜ್ ಮೇಲೆ ಇನ್ನೂ ಮಂಜಿನ ಹರಳು ಇದ್ದರೆ ಮತ್ತೆ ಫ್ರೀಜ್ ಆಗಲಿ, ತೊಂದರೆ ಇಲ್ಲ. ಪೂರ್ತಿ ಕರಗಿದ್ದು ಮುಟ್ಟಿದರೆ ಇನ್ನೂ ಚೆನ್ನಾಗಿ ತಣ್ಣಗಿದ್ದರೆ ಅವತ್ತೇ ಬೇಯಿಸಿ. ಬೆಚ್ಚಗಾಗಿದ್ದರೆ ಅಥವಾ ಮೇಲೆ ಲೋಳೆ ಬಂದಿದ್ದರೆ ಬಿಸಾಡಿ.