ಸಹಾಯ ಬೇಕು: ಹೊಸ ಲೀಷರ್ ಬ್ಯಾಟರಿ ಹಾಕಿದರೂ ಮೋಟರ್‌ಹೋಮ್ ಒಳಗೆ ಕರೆಂಟಿಲ್ಲ

ನಮಸ್ಕಾರ. ಮೋಟರ್‌ಹೋಮ್‌ನ ಹಳೇ ಲೀಷರ್ ಬ್ಯಾಟರಿಯಲ್ಲಿ (ಒಳಗಿನ ಲೈಟು, ಪಂಪಿಗೆ ಕರೆಂಟ್ ಕೊಡೋ ಬ್ಯಾಟರಿ) ಚಾರ್ಜ್ ನಿಲ್ಲುತ್ತಿರಲಿಲ್ಲ. ಅದನ್ನು ತೆಗೆದು 100 ಆಂಪಿಯರ್-ಅವರ್‌ನ ಎಜಿಎಂ (ಸೀಲ್ ಮಾಡಿದ ಲೆಡ್-ಆಸಿಡ್) ಬ್ಯಾಟರಿ ಹಾಕಿದೆ. ಆಮೇಲೆ ಒಳಗಿನ ಲೈಟು, ನೀರಿನ ಪಂಪು ಯಾವುದೂ ನಡೆಯುತ್ತಿಲ್ಲ. ಹೊರಗಿನ ಮೇನ್ಸ್ ಕೇಬಲ್ ಹಾಕಿದರೆ ಮಾತ್ರ ಎಲ್ಲ ಸರಿ. ಎಂಜಿನ್ ಬ್ಯಾಟರಿಗೆ ಏನೂ ತೊಂದರೆ ಇಲ್ಲ, ಗಾಡಿ ಆರಾಮಾಗಿ ಸ್ಟಾರ್ಟ್ ಆಗುತ್ತದೆ.

ಪ್ಲಸ್, ಮೈನಸ್ ಅದಲುಬದಲಾಗಿಲ್ಲ. ಒಳಗಿನ ಫ್ಯೂಸ್‌ಗಳು ಸರಿ ಇವೆ. ಬ್ಯಾಟರಿ ಪಕ್ಕದ ಫ್ಯೂಸ್ ತೆಗೆದು ಮೀಟರ್ ಇಟ್ಟು ನೋಡಿದೆ, ಅದೂ ಸರಿ. ಆದರೂ ಅದೇ ರೇಟಿಂಗ್‌ನ ಹೊಸದು ಹಾಕಿದೆ, ವ್ಯತ್ಯಾಸ ಇಲ್ಲ. ಜಾಸ್ತಿ ರೇಟಿಂಗ್‌ನದು ಹಾಕಿ ಅಂತ ಒಬ್ಬರು ಹೇಳಿದರು. ಅದು ವೈರ್ ಸುಡೋ ದಾರಿ, ದಯವಿಟ್ಟು ಆ ಸಲಹೆ ಬೇಡ.

ತಲೆ ಕೆಟ್ಟಿರೋದು ಇಲ್ಲಿ. ಎಲ್ಲ ಆಫ್ ಇದ್ದಾಗ ಬ್ಯಾಟರಿ ಪಕ್ಕದ ಫ್ಯೂಸ್‌ನ ಎರಡೂ ಕಡೆ 12.7 ವೋಲ್ಟ್ ಬರುತ್ತದೆ. ಪಂಪ್ ಆನ್ ಮಾಡಿದ ಕೂಡಲೇ ಬ್ಯಾಟರಿ ಕಡೆ 12.6 ಇರುತ್ತದೆ, ಆಚೆ ಕಡೆ 4ಕ್ಕೆ ಬೀಳುತ್ತದೆ. ಮೀಟರ್‌ನ ಕಪ್ಪು ವೈರ್ ಬ್ಯಾಟರಿ ಮೈನಸ್ ಮೇಲೇ ಇತ್ತು. ಹಾಗಾದರೆ ಅರ್ಥ್ ಕಡೆಯ ಸಮಸ್ಯೆ ಅಲ್ಲ, ಅಲ್ವಾ? ಫ್ಯೂಸ್ ಕೂರಿಸುವ ಹೋಲ್ಡರ್ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ.

ತಿಳಿದವರು ಹೇಳಿ: ದೋಷ ಹೋಲ್ಡರ್‌ನ ಕ್ಲಿಪ್‌ನಲ್ಲೋ, ವೈರ್‌ನ ಕ್ರಿಂಪ್‌ನಲ್ಲೋ (ವೈರ್ ತುದಿಗೆ ಒತ್ತಿ ಕೂರಿಸಿದ ಜೋಡಣೆ)? ಪಂಪ್ ಓಡುತ್ತಿರುವಾಗ ಮೀಟರ್‌ನ ಎರಡು ತುದಿ ಎಲ್ಲೆಲ್ಲಿ ಇಟ್ಟರೆ ಅದು ಗೊತ್ತಾಗುತ್ತದೆ?