ಪುಟ್ಟಿಯ ತಟ್ಟೆಗೆ ಏನು ಬಡಿಸೋಣ

ಅಣ್ಣ, ಕನ್ನಡಕ ಎಲ್ಲಿಟ್ಟೆನೋ ಸಿಗುತ್ತಿಲ್ಲ, ಅದಕ್ಕೇ ಟೈಪ್ ಮಾಡದೆ ಮಾತಾಡುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಗದ್ದೆ ಕಡೆ ಹೋಗುವಾಗ ಕೇಳಿಸಿಕೋ.

ಪುಟ್ಟಿ ಈ ಸಲ ಹಬ್ಬಕ್ಕೆ ಬಾಡು ತಿನ್ನಲ್ಲ ಅಂದಳು. ನೀನು "ಯಾವನೋ ಗಿಟಾರ್ ಬಾರಿಸೋನ ವಿಡಿಯೋ ನೋಡಿ ಹಿಂಗಾಡ್ತಾಳೆ" ಅಂತ ಗ್ರೂಪಿಗೆ ಹಾಕಿದೆ. ನಾಲ್ಕು ಜನ ನಗುವ ಮುಖ ಒತ್ತಿದರು. ಪಾಪ, ಆಮೇಲೆ ಅವಳು ಒಂದಕ್ಷರ ಬರೆದಿಲ್ಲ.

ಆ ಗಿಟಾರ್ ಬಾರಿಸೋನು ಇಂಗ್ಲೆಂಡಿನ ಬೀಟಲ್ಸ್ ಅನ್ನೋ ಹಾಡುಗಾರರ ತಂಡದ ಪಾಲ್ ಮೆಕಾರ್ಟ್ನಿ. ಮೈಸೂರಿನ ಹಾಸ್ಟೆಲಿನಲ್ಲಿ ಅವನ ಕ್ಯಾಸೆಟ್ ಸವೆಯುವಷ್ಟು ಕೇಳಿದವಳು ನಾನು, ಹಾಗಾಗಿ ಅವನ ಕಥೆ ನಿನಗಿಂತ ನನಗೆ ಜಾಸ್ತಿ ಗೊತ್ತು. ಅವನೇನು ಹುಟ್ಟಿನಿಂದ ಸೊಪ್ಪು ತಿಂದವನಲ್ಲ. ಲಿವರ್‌ಪೂಲ್‌ನ ಸಾಮಾನ್ಯ ಮನೆ. ಅಪ್ಪ ಹತ್ತಿ ವ್ಯಾಪಾರದ ಕಂಪನಿಯಲ್ಲಿ ಸೇಲ್ಸ್‌ಮನ್, ಅಮ್ಮ ನರ್ಸ್. 1968ರಲ್ಲಿ ಬೀಟಲ್ಸ್ ನಾಲ್ವರೂ ಋಷಿಕೇಶದ ಆಶ್ರಮಕ್ಕೆ ಬಂದರು. ಅವರಲ್ಲಿ ಡ್ರಮ್ ಬಾರಿಸುವ ರಿಂಗೋಗೆ ಹೊಟ್ಟೆಯ ಭಯ, ಪೆಟ್ಟಿಗೆಯಲ್ಲಿ ಡಬ್ಬಿ ಬೀನ್ಸ್ ಹೊತ್ತು ತಂದಿದ್ದ. ಸುಮಾರು ಹತ್ತು ದಿನಕ್ಕೇ ಜಾಗ ಖಾಲಿ ಮಾಡಿದ. ಪಾಲ್ ಒಂದು ತಿಂಗಳ ಮೇಲೆ ಇದ್ದು ಆಶ್ರಮದ ಊಟವನ್ನೇ ಉಂಡ. ಆದರೂ ಊರಿಗೆ ಹೋದ ಮೇಲೆ ಮಾಂಸ ತಿಂದ. ಗುರು, ಗಂಗೆ, ಧ್ಯಾನ ಯಾವುದೂ ಬಿಡಿಸಲಿಲ್ಲ.

ಬಿಡಿಸಿದ್ದು ಕುರಿಮರಿ. ಸ್ಕಾಟ್‌ಲೆಂಡಿನಲ್ಲಿ ಅವನ ಜಮೀನಿತ್ತು, ಅಲ್ಲಿ ಕುರಿ ಸಾಕಿದ್ದರು. 1975ರ ಸುಮಾರಿಗೆ ಒಂದು ದಿನ ಅವನೂ ಹೆಂಡತಿ ಲಿಂಡಾನೂ ಊಟಕ್ಕೆ ಕೂತಿದ್ದಾರೆ. ತಟ್ಟೆಯಲ್ಲಿ ಕುರಿಮರಿಯ ಕಾಲು. ಕಿಟಕಿಯಾಚೆ ಮರಿಗಳು ಕುಣಿಯುತ್ತಿವೆ. ತಟ್ಟೆ ನೋಡಿದರು, ಆಚೆ ನೋಡಿದರು. ಅಲ್ಲಿಗೆ ಬಿಟ್ಟರು.

ಅಣ್ಣ, ನಿಮ್ಮ ಹಿತ್ತಿಲಲ್ಲಿ ಕಟ್ಟಿರುವ ಕಪ್ಪು ಮರಿಗೆ ದೀಪಾವಳಿಯಿಂದ ಸೊಪ್ಪು ಹಾಕಿದ್ದು ಯಾರು ಹೇಳು? ವಿಡಿಯೋ ನೋಡುವ ಮೊದಲೇ ಪುಟ್ಟಿ ನನಗೆ ಫೋನ್ ಮಾಡಿ, "ಅತ್ತೆ, ಹಬ್ಬಕ್ಕೆ ಇದನ್ನೇ ಕಡೀತಾರಾ?" ಅಂತ ಕೇಳಿದ್ದಳು. ನಾನು ಸುಮ್ನೆ ಮಾತು ತೇಲಿಸಿದ್ದೆ.

ಪುಟ್ಟಿ, ನಿನಗೂ ಒಂದೆರಡು ಮಾತಿದೆ. ಕಸಾಯಿಖಾನೆಗೆ ಗಾಜಿನ ಗೋಡೆ ಇದ್ದಿದ್ದರೆ ಎಲ್ಲರೂ ಸಸ್ಯಾಹಾರಿಗಳೇ ಆಗುತ್ತಿದ್ದರು ಅಂತ ಆ ವಿಡಿಯೋದಲ್ಲಿ ಹೇಳುತ್ತಾನಲ್ಲ, ಅದನ್ನು ನಾನು ಒಪ್ಪಲ್ಲ. ನಮ್ಮೂರಿನಲ್ಲಿ ಗಾಜೂ ಇಲ್ಲ, ಗೋಡೆಯೂ ಇಲ್ಲ. ಹಿತ್ತಿಲಲ್ಲೇ ಕಡಿಯುತ್ತಾರೆ, ಹುಡುಗರು ಸುತ್ತ ನಿಂತು ನೋಡುತ್ತಾರೆ, ಮಧ್ಯಾಹ್ನ ಅವರೇ ಮೊದಲ ಪಂಕ್ತಿಗೆ ಕೂರುತ್ತಾರೆ. ನಿಮ್ಮಪ್ಪನೂ ನಾನೂ ಹಾಗೇ ಬೆಳೆದವರು. ಅದು ಮಾಂಸ ಪ್ಯಾಕೆಟ್ಟಿನಲ್ಲಿ ಬರುವ ಊರಿನ ಮಾತು.

ಇನ್ನೊಂದು, ಮೊರಿಸ್ಸೆ ಅಂತ ಇನ್ನೊಬ್ಬ ಇಂಗ್ಲೆಂಡಿನ ಹಾಡುಗಾರ ಇದ್ದಾನೆ, ಅವನ ಥರ ಆಡಬೇಡ. 1985ರಲ್ಲಿ ಅವನ ಸ್ಮಿತ್ಸ್ ತಂಡ ಮಾಂಸ ಅಂದರೆ ಕೊಲೆ ಅಂತಲೇ ಆಲ್ಬಂಗೆ ಹೆಸರಿಟ್ಟಿತು. 2009ರಲ್ಲಿ ಅಮೆರಿಕದ ಕೋಚೆಲಾ ಉತ್ಸವದಲ್ಲಿ ಮಾಂಸ ಸುಡುವ ವಾಸನೆ ಬಂತು ಅಂತ ಅವನು ಹಾಡು ಬಿಟ್ಟು ವೇದಿಕೆ ಇಳಿದು ಹೋದ. ಆಮೇಲೆ ವಾಪಸ್ ಬಂದ ಅನ್ನು. ನೀನು ಪಂಕ್ತಿಯಿಂದ ಎದ್ದು ಹೋದರೆ ಅಜ್ಜಿ ಆ ದಿನ ಊಟ ಮಾಡಲ್ಲ. ನಮ್ಮ ಕಡೆ ಮಾಂಸ ತಿನ್ನಲ್ಲ ಅಂದರೆ ಅದನ್ನ ಜಾತಿ ಮಾತು ಅಂತಲೂ ಅಂದುಕೊಳ್ಳುತ್ತಾರೆ. ನಿಮ್ಮ ಚಿಕ್ಕಪ್ಪ ಆಗಲೇ ಶುರು ಮಾಡಿದ್ದಾನೆ, ನೋಡಿದೆಯಲ್ಲ.

ನನಗೆ ಇಷ್ಟ ಆಗುವುದು ಲಿಂಡಾ. ಆಯಮ್ಮ ಭಾಷಣ ಮಾಡಿದ್ದಕ್ಕಿಂತ ಅಡುಗೆ ಮಾಡಿದ್ದು ಜಾಸ್ತಿ. ಕ್ರಿಸ್‌ಮಸ್ ದಿನ ಟರ್ಕಿ ಕೋಳಿಯನ್ನು ಹೋಳು ಮಾಡಿ ಬಡಿಸುವುದು ಅಲ್ಲಿ ಮನೆಯ ಗಂಡಸಿನ ಗತ್ತು. ಮಾಂಸ ಬಿಟ್ಟ ಮೇಲೆ ಗಂಡ ಏನು ಕೊಯ್ಯಬೇಕು? ಚೀಸ್ ಹಾಕಿದ ಮ್ಯಾಕರೋನಿಯನ್ನೇ ಗಟ್ಟಿ ಮಾಡಿ ಮುಂದಿಟ್ಟಳು, ತಗೋ ಕೊಯ್ಯಿ ಅಂತ. 1989ರಲ್ಲಿ ಅಡುಗೆ ಪುಸ್ತಕ ತಂದಳು. 1991ರಲ್ಲಿ ಅವಳ ಹೆಸರಿನ ಮಾಂಸವಿಲ್ಲದ ಊಟದ ಪ್ಯಾಕೆಟ್ಟುಗಳು ಇಂಗ್ಲೆಂಡಿನ ಅಂಗಡಿಗಳಿಗೆ ಬಂದವು. 1998ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಳು, ಆ ಪ್ಯಾಕೆಟ್ಟುಗಳು ಈಗಲೂ ಮಾರಾಟವಾಗುತ್ತಿವೆ.

2009ರಲ್ಲಿ ಪಾಲ್ ಮತ್ತು ಹೆಣ್ಣುಮಕ್ಕಳು ಮೇರಿ, ಸ್ಟೆಲ್ಲಾ ಸೇರಿ ಸೋಮವಾರ ಒಂದು ದಿನ ಮಾಂಸ ಬಿಡಿ ಅಂತ ಜನರನ್ನು ಕೇಳಿದರು. ಅಣ್ಣ, ನೀನು ಸೋಮವಾರವೂ ಮುಟ್ಟಲ್ಲ, ಶನಿವಾರವೂ ಮುಟ್ಟಲ್ಲ ಅಲ್ವಾ? ಅವನು ಕೇಳಿದ್ದಕ್ಕಿಂತ ಒಂದು ದಿನ ಜಾಸ್ತಿಯೇ ಆಯಿತು. ಮತ್ತೆ ಮಗಳ ಮೇಲೆ ಯಾಕೆ ರೇಗುತ್ತೀಯ?

ಆಯ್ತು, ಕುಕ್ಕರ್ ಕೂಗುತ್ತಿದೆ. ಬಾವಿ ಹತ್ತಿರದ ಮರದಲ್ಲಿ ಎಳೆ ಹಲಸಿನಕಾಯಿ ಇದ್ದರೆ ಎರಡು ಕಿತ್ತಿಡು. ಬಾಡಿನ ಸಾರಿಗೆ ರುಬ್ಬುವ ಮಸಾಲೆಯಲ್ಲೇ ಒಂದು ಪಾಲು ಬೇರೆ ಪಾತ್ರೆಗೆ ತೆಗೆದು ಅವಳಿಗೆ ಹಲಸಿನಕಾಯಿ ಸಾರು ಮಾಡುತ್ತೇನೆ, ಮುದ್ದೆಗೆ ಚೆನ್ನಾಗಿರುತ್ತದೆ. ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ. ಪುಟ್ಟಿ, ಹೆಚ್ಚುವುದು ನೀನೇ, ಕೈಗೆ ಎಣ್ಣೆ ಹಚ್ಚಿಕೊಂಡು ಕೂತಿರು.